ಹೂಮಳೆಯ ಲೆಕ್ಕ

ಮಂಗಳೂರಿನ ಆ ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ಅಮ್ಮ ಸ್ಟೀಲ್ ಕುರ್ಚಿಯ ತುದಿಗೆ ಕೂತಿದ್ದಳು. ಸೀರೆಯ ಅಂಚಿನಲ್ಲಿ ಇನ್ನೂ ತೋಟದ ಕೆಸರು. ಕಾಲಲ್ಲಿ ಅವಸರಕ್ಕೆ ಮೆಟ್ಟಿಕೊಂಡು ಬಂದಿದ್ದ ಅಪ್ಪನ ಹವಾಯಿ ಚಪ್ಪಲಿ. ನಾನು ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬರುವಾಗ ರಾತ್ರಿ ಹನ್ನೊಂದು. ಅವಳು ಅಳಲಿಲ್ಲ. ನನ್ನ ಬ್ಯಾಗು ತೆಗೆದು ಪಕ್ಕಕ್ಕಿಟ್ಟು, ಊಟ ಆಯ್ತಾ ಅಂತ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಪುಟ್ಟಿ, ನೀನು ಐದು ವರ್ಷದಿಂದ ಓದ್ತಿರದು ತಲೆ ಒಳಗಿನ ರಕ್ತನಾಳದ ಮೇಲೇ ಅಲ್ವಾ? ಈಗ ಸತ್ತುಹೋದ ಜಾಗಕ್ಕೆ ಹೊಸ ನಾಳ ಬರುತ್ತೋ ಇಲ್ವೋ, ನೀನೇ ಹೇಳು."

ಈ ಐದು ವರ್ಷದಲ್ಲಿ ನನ್ನ ಗೈಡ್ ಆಗಲಿ, ಆರು ತಿಂಗಳಿಗೊಮ್ಮೆ ಕೂರುವ ಕಮಿಟಿಯಾಗಲಿ, ಕಾನ್ಫರೆನ್ಸಿನಲ್ಲಿ ಪೋಸ್ಟರ್ ಮುಂದೆ ನಿಂತು ತಲೆಯಾಡಿಸಿ ಹೋದವರಾಗಲಿ ಇಷ್ಟು ನೇರವಾಗಿ ಕೇಳಿರಲಿಲ್ಲ. ನಾನು "ಬರುತ್ತಮ್ಮ" ಅಂದೆ. ಅದು ಸುಳ್ಳಲ್ಲ. ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ ಅನ್ನುವುದು ನನಗೆ ಗೊತ್ತಿತ್ತು.

ನಮ್ಮದು ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಹಿರೇಬೈಲಿನಿಂದ ಒಳಗೆ, ನಾಲ್ಕೆಕರೆ ಕಾಫಿ ತೋಟ. ಜುಲೈ ತಿಂಗಳು. ಬೆಳಿಗ್ಗೆ ಐದೂವರೆಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಎದ್ದ ಅಪ್ಪ ಆರು ಗಂಟೆಗೆ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಬಲಗೈ ಏಳುತ್ತಿರಲಿಲ್ಲ, ಬಾಯಿ ಒಂದು ಕಡೆ ಎಳೆದಿತ್ತು. ಹತ್ತಿರದ ಕ್ಲಿನಿಕ್ಕೊಂದರಲ್ಲಿ ಬಿಪಿ ಮಾತ್ರೆ ಕೊಟ್ಟು ಮಲಗಿಸಿ ಅಂದರು. ಪಕ್ಕದ ತೋಟದ ಮಾವ ಮಾತ್ರ ಇದು ಲಕ್ವವೇ ಸೈ ಅಂತ ಜೀಪು ತೆಗೆದರು. ಮುಂದಿನ ಊರಿನ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದು ಒಂದು ಗಂಟೆ. ಮಂಗಳೂರು ಮುಟ್ಟಿದಾಗ ಮಧ್ಯಾಹ್ನ ಒಂದು. ಅಲ್ಲಿನ ವೈದ್ಯರು ಮೊದಲು ಕೇಳಿದ್ದು, ಇವರು ಸರಿಯಾಗಿ ಇದ್ದದ್ದನ್ನು ಕೊನೆಯ ಸಲ ನೋಡಿದ್ದು ಯಾವಾಗ ಅಂತ. ಐದೂವರೆ ಅಂದಳು ಅಮ್ಮ.

ನಾಳದೊಳಗಿನ ಹೆಪ್ಪನ್ನು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ದೊಡ್ಡ ನಾಳ ಮುಚ್ಚಿದ್ದರೆ ತಂತಿ ಹಾಕಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ ಇದೆ, ಆಯ್ದ ಕೆಲವರಿಗೆ ಅದನ್ನು 24 ಗಂಟೆಯೊಳಗೂ ಮಾಡುತ್ತಾರೆ. ಅಪ್ಪನದು ಕವಲಿನ ಕವಲು, ತಂತಿ ಹೋಗುವಷ್ಟು ಅಗಲವಿಲ್ಲ. ಹಾಗಾಗಿ ಎರಡೂ ಇಲ್ಲ.

ಬಸ್ಸಿನಲ್ಲಿ ಬರುವಾಗ ನಾನು ಮಾಡಬಾರದ ಒಂದು ಲೆಕ್ಕ ಮಾಡಿದ್ದೆ. ಮಿದುಳಿನ ದೊಡ್ಡ ನಾಳವೊಂದು ಮುಚ್ಚಿದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರ ಒಂದು ಪ್ರಬಂಧ ಅಂದಾಜು ಮಾಡಿತ್ತು. ನಮ್ಮ ಕ್ಷೇತ್ರದಲ್ಲಿ ಎಲ್ಲರ ಮೊದಲ ಸ್ಲೈಡಿನಲ್ಲೂ ಆ ಸಂಖ್ಯೆ ಇರುತ್ತದೆ, ನನ್ನದರಲ್ಲೂ ಇತ್ತು. ಏಳೂವರೆ ಗಂಟೆ ಅಂದರೆ 450 ನಿಮಿಷ. 85 ಕೋಟಿ ಚಿಲ್ಲರೆ. ಮಿದುಳಿನಲ್ಲಿ ಒಟ್ಟು ಸುಮಾರು 8,600 ಕೋಟಿ ನರಕೋಶಗಳಿವೆ, ಹಾಗಾಗಿ ನೂರಕ್ಕೆ ಒಂದು ಅಷ್ಟೇ ಅಂತ ಸಮಾಧಾನ ಮಾಡಿಕೊಂಡೆ. ಅಪ್ಪನದು ಚಿಕ್ಕ ನಾಳ, ಈ ಲೆಕ್ಕ ಅವರಿಗೆ ಸಲ್ಲುವುದೂ ಇಲ್ಲ. ಆದರೆ ಮರುದಿನ ಬೆಳಿಗ್ಗೆ ಅವರು ಕಣ್ಣು ಬಿಟ್ಟು ನನ್ನನ್ನು ನೋಡಿ, ನನ್ನ ಹೆಸರಿನ ಬದಲು "ಮಳೆ" ಅಂದರು. ನೀರು ಬೇಕಾದರೂ ಮಳೆ, ಕಾಫಿಗೂ ಮಳೆ, ಅಮ್ಮನಿಗೂ ಮಳೆ. ಆ ನೂರಕ್ಕೆ ಒಂದರಲ್ಲಿ ಮಾತಿತ್ತು.

ನಾನು ಈ ಕೆಲಸಕ್ಕೆ ಬಂದದ್ದಕ್ಕೆ ದೊಡ್ಡ ಕಾರಣಗಳೇನೂ ಇರಲಿಲ್ಲ. ಮೂಡಿಗೆರೆ ಸೀಮೆಯ ಮಕ್ಕಳಿಗೆ ವಿಜ್ಞಾನಿ ಅಂದರೆ ಮೊದಲು ನೆನಪಾಗುವುದು ತೇಜಸ್ವಿಯವರ ಕರ್ವಾಲೊ. ವಿಜ್ಞಾನ ಅಂದರೆ ಕಾಡಿನಲ್ಲಿ ಇಂಬಳ ಕಚ್ಚಿಸಿಕೊಂಡು ಅಲೆಯುವುದು ಅಂದುಕೊಂಡೇ ಬೆಳೆದೆ. ಎಂಎಸ್ಸಿ ಓದುವಾಗ ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಶುರುವಾದ ಮಿದುಳು ಬ್ಯಾಂಕಿನ ಜೊತೆಗಿರುವ ಸಂಗ್ರಹಾಲಯ ಅದು. ಅಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ನನ್ನ ಕೈಗೆ ಬಂದದ್ದರ ಮೇಲ್ಮೈಯಲ್ಲಿ, ಮಳೆಗಾಲದಲ್ಲಿ ಗೋಡೆಗೆ ಹಬ್ಬುವ ಬೇರಿನ ಹಾಗೆ, ನಾಳಗಳು ಹರಡಿದ್ದವು. ಎಲ್ಲರೂ ಮಡಿಕೆಗಳನ್ನು ನೋಡುತ್ತಿದ್ದರೆ ನಾನು ಆ ಬೇರುಗಳನ್ನು ನೋಡುತ್ತಿದ್ದೆ. ಫಾರ್ಮಲಿನ್‌ನಲ್ಲಿ ಇಟ್ಟದ್ದರಿಂದ ಅದು ರಬ್ಬರಿನಂತೆ ಗಟ್ಟಿಯಾಗಿತ್ತು. ಜೀವಂತ ಮಿದುಳು ಹಾಗಿರುವುದಿಲ್ಲ. ಕರು ಹಾಕಿದ ಹಸುವಿನ ಗಿಣ್ಣನ್ನು ನೆನಪಿಸಿಕೊಳ್ಳಿ, ಅಷ್ಟು ಮೆತ್ತಗೆ.

ಆ ಗಿಣ್ಣಿನೊಳಗೆ ಇರುವ ನಾಳಗಳನ್ನೆಲ್ಲ ಬಿಡಿಸಿ ಒಂದರ ಹಿಂದೊಂದು ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ. ಬೆಂಗಳೂರಿನಿಂದ ಕಳಸಕ್ಕೆ ಹೋಗಿ ಬಂದಷ್ಟು. ಯಾವ ನರಕೋಶವೂ ತನ್ನ ಹತ್ತಿರದ ನಾಳದಿಂದ ಒಂದು ಕೂದಲೆಳೆಯ ದಪ್ಪಕ್ಕಿಂತ ದೂರದಲ್ಲಿ ಇರುವುದು ಅಪರೂಪ. ದೇಹದ ತೂಕದಲ್ಲಿ ಮಿದುಳು ನೂರಕ್ಕೆ ಎರಡು ಪಾಲು, ಬಳಸುವ ಆಮ್ಲಜನಕ ನೂರಕ್ಕೆ ಇಪ್ಪತ್ತು. ಕೂಡಿಡುವ ಉಗ್ರಾಣವಂತೂ ಇಲ್ಲವೇ ಇಲ್ಲ. ಅವತ್ತಿನದು ಅವತ್ತಿಗೆ.

ನನ್ನ ಪಿಎಚ್‌ಡಿ ಇರುವುದು ಈ ನಾಳಗಳು ಹೇಗೆ ಬೆಳೆಯುತ್ತವೆ ಅನ್ನುವುದರ ಮೇಲೆ. ಭ್ರೂಣದ ಮಿದುಳು ತನ್ನ ನಾಳಗಳನ್ನು ತಾನೇ ಮಾಡಿಕೊಳ್ಳುವುದಿಲ್ಲ. ಮೊದಲು ಹೊರಗೆ ಸುತ್ತ ಒಂದು ಬಲೆ ಕಟ್ಟಿಕೊಳ್ಳುತ್ತದೆ, ಆ ಬಲೆಯಿಂದ ಚಿಗುರುಗಳು ಒಳಕ್ಕೆ ಇಳಿಯುತ್ತವೆ. ತುದಿಯಲ್ಲಿರುವ ಒಂದು ಕೋಶ ಕೂದಲಿನಂಥ ಬೆರಳುಗಳನ್ನು ಚಾಚಿ ತಡಕಾಡುತ್ತಾ ಮುಂದೆ ಹೋಗುತ್ತದೆ, ಹಿಂದಿನವು ಅದನ್ನು ಹಿಂಬಾಲಿಸಿ ಕೊಳವೆಯಾಗುತ್ತವೆ. ಒಂದು ಕೋಶ ಮುಂದಾಳಾದರೆ ಪಕ್ಕದವರಿಗೆ "ನೀವು ಆಗಬೇಡಿ" ಅಂತ ಸೂಚನೆ ಕೊಡುತ್ತದೆ. ಎಲ್ಲರೂ ಮುಂದಾಳಾದರೆ ಕೊಳವೆಯಾಗುವವರು ಯಾರು!

ಅದು ಯಾವ ಕಡೆಗೆ ಹೋಗಬೇಕೆಂದು ಹೇಳುವುದು ಹಸಿವು. ಆಮ್ಲಜನಕ ಸಾಕಷ್ಟಿದ್ದಾಗ ಕೋಶದೊಳಗೆ ಹಿಫ್ ಎಂಬ ಪ್ರೋಟೀನ್ ತಯಾರಾದ ಹಾಗೇ ನಾಶವಾಗುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದರೆ ಅದು ಉಳಿದುಕೊಂಡು, ವಿಇಜಿಎಫ್ ಎನ್ನುವ ಇನ್ನೊಂದು ಪ್ರೋಟೀನನ್ನು ತಯಾರಿಸುವ ಜೀನನ್ನು ಎಬ್ಬಿಸುತ್ತದೆ. ಅದು ಹೊರಗೆ ಹರಡಿ, ನಾಳದ ಕೋಶಗಳಿಗೆ ಇತ್ತ ಬನ್ನಿ ಎಂದು ಕರೆಯುತ್ತದೆ. ಕೋಶ ಆಮ್ಲಜನಕವನ್ನು ಅಳೆಯುವ ಈ ಬಗೆಯನ್ನು ಕಂಡುಕೊಂಡ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಇಲಿಗಳನ್ನು ಮೂರು ವಾರ ಕಡಿಮೆ ಗಾಳಿಯೊತ್ತಡದಲ್ಲಿ ಇಟ್ಟರೆ ಅವುಗಳ ಮಿದುಳಿನಲ್ಲಿ ಸೂಕ್ಷ್ಮನಾಳಗಳು ಒತ್ತಾಗುತ್ತವೆ, ಮಾಮೂಲಿ ಗಾಳಿಗೆ ತಂದರೆ ಕೆಲವು ವಾರದಲ್ಲಿ ಮತ್ತೆ ಕಡಿಮೆಯಾಗುತ್ತವೆ. (ಮುಳ್ಳಯ್ಯನಗಿರಿ ಹತ್ತಿದ ಮಾತ್ರಕ್ಕೆ ಹೀಗಾಗುತ್ತದೆ ಅಂತ ಯಾರೂ ರೀಲ್ಸ್ ಮಾಡಬೇಡಿ. ಅದಕ್ಕೆ ಈ ಎತ್ತರ ಸಾಲದು.)

ಇದು ರಾಸಾಯನಿಕದ ಕಥೆ. ನನ್ನ ಪಾಲಿಗೆ ಬಂದದ್ದು ಇನ್ನೊಂದು ಅರ್ಧ: ಮೆದು, ಗಟ್ಟಿ, ಹರಿವು, ಒತ್ತಡ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಕೋಶ ಬೆಳೆಸುವ ಪ್ಲಾಸ್ಟಿಕ್ ತಟ್ಟೆ ಮಿದುಳಿಗಿಂತ ಹತ್ತು ಲಕ್ಷ ಪಟ್ಟು ಗಟ್ಟಿ. ಮಿದುಳಿನ ನಾಳದ ಕೋಶಗಳನ್ನು ಅದರ ಮೇಲೆ ಬೆಳೆಸಿದರೆ ಬದುಕುತ್ತವೆ, ಆದರೆ ಕ್ರಮೇಣ ತಾವು ಮಿದುಳಿನವು ಎನ್ನುವುದನ್ನೇ ಮರೆಯುತ್ತವೆ. ಅದಕ್ಕೇ ನಾನು ಜೆಲ್ ಮಾಡುತ್ತೇನೆ, ಒಂದಕ್ಕಿಂತ ಒಂದು ಸ್ವಲ್ಪ ಗಟ್ಟಿಯಾದವು, ಮತ್ತು ಅದರೊಳಗಿನ ಕಾಲುವೆಗಳಲ್ಲಿ ಪಂಪಿನಿಂದ ದ್ರವ ಹರಿಸಿ ಕೋಶಗಳು ಏನು ಮಾಡುತ್ತವೆಂದು ನೋಡುತ್ತೇನೆ. ಹರಿವು ಶುರುವಾಗಿ ಒಂದು ದಿನಕ್ಕೆಲ್ಲ ಅಡ್ಡಾದಿಡ್ಡಿ ಇದ್ದ ಕೋಶಗಳು ತಮ್ಮ ಅಸ್ಥಿಪಂಜರವನ್ನೇ ಮರುಜೋಡಿಸಿಕೊಳ್ಳತೊಡಗುತ್ತವೆ. ಕೋಶದ ಪೊರೆಯಲ್ಲಿ ಪೀಜೋ1 ಎಂಬ ಪುಟ್ಟ ಬಾಗಿಲಿದೆ. ತಳ್ಳಿದರೆ ತೆರೆದುಕೊಳ್ಳುತ್ತದೆ. ಅದನ್ನು ಕಂಡುಹಿಡಿದ ಪಟಪೌಟಿಯನ್ ಅವರಿಗೂ 2021ರಲ್ಲಿ ನೊಬೆಲ್ ಸಂದಿತು. ರಕ್ತ ಬರೀ ಹೊರೆ ಹೊರುವ ನೀರಲ್ಲ, ತಾನು ಹರಿಯುವ ಕಾಲುವೆಯನ್ನು ತಿದ್ದುವ ಕೈಯೂ ಹೌದು.

ಲಾಕ್‌ಡೌನ್ ಸಮಯದಲ್ಲಿ ಮನೆಯಲ್ಲಿದ್ದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದ್ದೆ. ಅವರು ಕಪಾತು ಮಾಡುತ್ತಿದ್ದರು. ಕಾಫಿ ಗಿಡದ ಬೇಡದ ರೆಕ್ಕೆಗಳನ್ನು ಕತ್ತರಿಸಿ ಉಳಿದವಕ್ಕೆ ಬಲ ಕೊಡುವ ಕೆಲಸ. ನಾನು ಜೀಬ್ರಾ ಮೀನಿನ ಮರಿಗಳ ವಿಷಯ ಹೇಳಿದೆ. ಆ ಮೀನನ್ನು 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್, ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಯಾವ ಊರಲ್ಲಿ ಏನು ಬೆಳೆಯುತ್ತಾರೆ ಎಂದು ಬರೆದಿಟ್ಟ ಅದೇ ಬುಕಾನನ್. ಮರಿಗಳು ಗಾಜಿನಂತೆ ಪಾರದರ್ಶಕ. ಮೊಟ್ಟೆ ಫಲಿತವಾಗಿ ಒಂದೂವರೆ ದಿನಕ್ಕೆ ನಾಳಗಳು ಮಿದುಳಿನೊಳಗೆ ಇಳಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಜೀವಂತ ನೋಡಬಹುದು. ಮೊದಲು ಬೇಕಾದದ್ದಕ್ಕಿಂತ ಹೆಚ್ಚು ನಾಳಗಳು ಹುಟ್ಟುತ್ತವೆ. ಆಮೇಲೆ ಹರಿವು ಕಡಿಮೆಯಿರುವ ಕವಲುಗಳಿಂದ ಕೋಶಗಳು ಮೆಲ್ಲಗೆ ಕಾಲ್ತೆಗೆದು ಪಕ್ಕದ ನಾಳ ಸೇರಿಕೊಳ್ಳುತ್ತವೆ, ಆ ಕವಲು ಇಲ್ಲವಾಗುತ್ತದೆ. ಚೀನಾದ ವಿಜ್ಞಾನಿಗಳು 2012ರಲ್ಲಿ ಇದನ್ನು ವಿವರವಾಗಿ ತೋರಿಸಿದರು.

ಅಪ್ಪ ಕತ್ತರಿ ನಿಲ್ಲಿಸಿ, "ಅಂದ್ರೆ ಅಲ್ಲಿ ಕಪಾತು ಮಾಡೋನು ನೀರೇ ಅನ್ನು" ಅಂದರು. ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯವನ್ನು ಇಷ್ಟು ಚಿಕ್ಕದಾಗಿ ನಾನು ಇವತ್ತಿಗೂ ಹೇಳಲಾರೆ.

ಅವತ್ತೇ ಇನ್ನೊಂದು ಪ್ರಯೋಗವನ್ನೂ ಹೇಳಿದ್ದೆ, ಅದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 1885ರಲ್ಲಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಹಾಕಿದಾಗ ಎಲ್ಲ ಅಂಗಗಳಿಗೂ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಇಲ್ಲ. ಮಿದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲ ಎಂದುಕೊಂಡ. ಅವನ ಶಿಷ್ಯ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ನೇರ ಮಿದುಳಿನ ಸುತ್ತಲಿನ ದ್ರವಕ್ಕೇ ಹಾಕಿದ, ಮಿದುಳು ಪೂರ್ತಿ ಬಣ್ಣವಾಯಿತು, ಬೇರೆ ಅಂಗಗಳು ಆಗಲಿಲ್ಲ. ಅಂದರೆ ನಡುವೆ ಒಂದು ತಡೆಗೋಡೆ. ಆ ಗೋಡೆ ಬೇರೇನಲ್ಲ, ಒತ್ತಾಗಿ ಹೆಣೆದುಕೊಂಡ ನಾಳದ ಕೋಶಗಳೇ. ಹಾಗಾದರೆ ಮಿದುಳಿನ ನಾಳಕ್ಕೆ ಈ ಗುಣ ಹುಟ್ಟಿನಿಂದ ಬಂತೋ? 1981ರಲ್ಲಿ ಸ್ಟೂವರ್ಟ್ ಮತ್ತು ವೈಲಿ ಎಂಬಿಬ್ಬರು ಗೌಜಲಕ್ಕಿಯ ಮಿದುಳಿನ ಚೂರನ್ನು ಕೋಳಿ ಭ್ರೂಣದ ಹೊಟ್ಟೆಯೊಳಗೆ ನೆಟ್ಟರು. ಕೋಳಿಯ ಹೊಟ್ಟೆಯ ನಾಳಗಳೇ ಅದರೊಳಕ್ಕೆ ಬೆಳೆದವು, ಬೆಳೆದು ಮಿದುಳಿನ ನಾಳಗಳಂತೆಯೇ ಬಿಗಿಯಾದವು. ನಾಳ ಎಲ್ಲಿಂದ ಬಂತು ಅನ್ನುವುದಕ್ಕಿಂತ ಯಾವ ನೆಲಕ್ಕೆ ಹೋಯಿತು ಅನ್ನುವುದು ಮುಖ್ಯ ಅಂತಾಯಿತು. ಅಪ್ಪ ಇದಕ್ಕೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಒಂದೇ ಸಲ ತಂದ ಬೀಜ ಮೇಲಿನ ಬರೆಯಲ್ಲಿ ಒಂದು ಥರ, ಹಳ್ಳದ ಪಕ್ಕ ಇನ್ನೊಂದು ಥರ ಬಂದ ಕಥೆ ಹೇಳಿದರು. ಅದು ಬೇರೆ ವಿಷಯ ಅಂತ ನಾನು ವಾದಿಸಿದೆ. ಅವರು ಒಪ್ಪಲಿಲ್ಲ.

ಆಸ್ಪತ್ರೆಯ ಒಂಬತ್ತು ದಿನಗಳಲ್ಲಿ ನನಗೆ ಇವೆಲ್ಲ ನೆನಪಾಗುತ್ತಿತ್ತು. ಅಮ್ಮನಿಗೆ ಕೊಡಬೇಕಾದ ಉತ್ತರವನ್ನು ದಿನಾ ಒಳಗೊಳಗೇ ತಿದ್ದುತ್ತಿದ್ದೆ. ಹೊಸ ನಾಳ ಬರುತ್ತದೆ. ಪಾರ್ಶ್ವವಾಯುವಾದ ಕೆಲವು ದಿನಗಳಲ್ಲಿ ಸತ್ತ ಜಾಗದ ಅಂಚಿನಲ್ಲಿ, ಹಸಿದಿದ್ದರೂ ಇನ್ನೂ ಸಾಯದ ಕೋಶಗಳ ಪಟ್ಟಿಯಲ್ಲಿ, ಚಿಗುರು ಶುರುವಾಗುತ್ತದೆ. ಆ ಅಂಚಿನಲ್ಲಿ ಹೆಚ್ಚು ಸೂಕ್ಷ್ಮನಾಳಗಳಿದ್ದ ರೋಗಿಗಳು ಹೆಚ್ಚು ದಿನ ಬದುಕಿದ್ದರು ಎಂದು 1994ರ ಒಂದು ಅಧ್ಯಯನ ಹೇಳಿತ್ತು, ಬಹಳ ಕಡಿಮೆ ರೋಗಿಗಳ ಅಧ್ಯಯನ. ಆದರೆ ಹೊಸ ನಾಳ ಸೋರುತ್ತದೆ. ತಡೆಗೋಡೆ ಬಿಗಿಯಾಗಲು ಸಮಯ ಬೇಕು. ಮತ್ತು ನಾಳ ಬಂದರೂ ಅದು ಸಾಕಬೇಕಾಗಿದ್ದ ನರಕೋಶ ಸತ್ತಿದ್ದರೆ, ಒಕ್ಕಲು ಹೋದ ಊರಿಗೆ ರಸ್ತೆ ಬಂದ ಹಾಗೆ.

ಹಾಗಾದರೆ ಬೇಗ ಬರಿಸಬಹುದಲ್ಲ? ಅಮ್ಮ ಅದನ್ನೂ ಕೇಳಿದಳು. ಆ ಮದ್ದಿನ ಹೆಸರು ನೀನೇ ಹೇಳ್ತಿದ್ಯಲ್ಲ, ಅದನ್ನೇ ಕೊಟ್ಟರೆ? ಇದಕ್ಕೆ ಮಾತ್ರ ನನ್ನಲ್ಲಿ ಅವಳಿಗೆ ಅರ್ಥವಾಗುವ ಉತ್ತರವಿತ್ತು. 2000ನೇ ಇಸವಿಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಿದುಳಿನ ನಾಳ ಮುಚ್ಚಿದ ಇಲಿಗಳಿಗೆ ಒಂದು ಗಂಟೆಯೊಳಗೆ ವಿಇಜಿಎಫ್ ಕೊಟ್ಟಾಗ ನಾಳಗಳು ಸೋರಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು. ಎರಡು ದಿನ ಬಿಟ್ಟು ಕೊಟ್ಟಾಗ ಅದೇ ಮದ್ದು ಹೊಸ ನಾಳ ಬೆಳೆಸಿ ಚೇತರಿಕೆಗೆ ನೆರವಾಯಿತು. ಮನುಷ್ಯರಿಗೆ ಇದಿನ್ನೂ ಚಿಕಿತ್ಸೆಯಾಗಿಲ್ಲ.

"ಹೂಮಳೆ ಇದ್ದಂಗೆ" ಅಂದಳು ಅಮ್ಮ.

ಕಾಫಿ ಸೀಮೆಯವರಲ್ಲದವರಿಗೆ ಒಂದು ಮಾತು. ಕಾಫಿ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಗಿಡದ ಮೇಲೆ ನಿದ್ದೆ ಹೋಗಿರುತ್ತದೆ. ಅದಕ್ಕೆ ಆ ಒಣಗು ಬೇಕು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಂದು ಒಳ್ಳೆ ಮಳೆ, ಇಂಚಿನ ಲೆಕ್ಕದ್ದು, ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಗಿ ಮಲ್ಲಿಗೆಯಂತೆ ಘಮಘಮಿಸುತ್ತದೆ. ಅದೇ ಮಳೆ ಹಣ್ಣು ಕೊಯ್ಯುವಾಗ ಬಂದರೆ ಕಣದಲ್ಲಿ ಹರವಿದ್ದು ಹಾಳು, ಹೂವು ಅಕಾಲಕ್ಕೆ ಅರಳಿ ಫಸಲು ಹಾಳು. ತೀರಾ ಕಡಿಮೆ ಬಿದ್ದರೆ ಮೊಗ್ಗು ಅರ್ಧಂಬರ್ಧ ಬಿರಿದು ಕರಟುತ್ತದೆ. ಹೂವಾದ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಯಾವಾಗ, ಎಷ್ಟು ಎಂದು ಕೇಳುತ್ತಾರೆ. ಅದಕ್ಕೇ ಪ್ರತಿ ಮನೆಯಲ್ಲೂ ಮಳೆ ಅಳೆಯುವ ಡಬ್ಬವೂ ಒಂದು ಡೈರಿಯೂ ಇರುತ್ತವೆ. ಅಪ್ಪ ಮದುವೆಗೆ ಮುಂಚಿನಿಂದ ಬರೆಯುತ್ತಿದ್ದರು. ಇಂಚು ಮತ್ತು ಸೆಂಟಿನಲ್ಲಿ, ನೀಲಿ ಇಂಕಿನಲ್ಲಿ, ಒಂದು ದಿನವೂ ತಪ್ಪದೆ. ನಮ್ಮೂರಿನ ಜುಲೈ ಪುಟಗಳು ಅಂಕಿಗಳಿಂದ ತುಂಬಿರುತ್ತವೆ. ಆ ವರ್ಷದ ಜುಲೈ ಮಧ್ಯಕ್ಕೆ ನಿಂತುಹೋಗಿತ್ತು.

ಆಗಸ್ಟ್ ಕೊನೆಯಲ್ಲಿ ಲ್ಯಾಬಿಗೆ ಹಿಂತಿರುಗಿದೆ. ಮೊದಲ ದಿನ ಮಾಡಬೇಕಾಗಿದ್ದ ಪ್ರಯೋಗ ನಾನು ಅದಕ್ಕೂ ಮುಂಚೆ ಹತ್ತಾರು ಸಲ ಮಾಡಿದ್ದು. ಜೆಲ್ಲಿನಲ್ಲಿ ಬೆಳೆದ ಕೋಶಗಳ ಪೋಷಕ ದ್ರವದಿಂದ ಸಕ್ಕರೆ ತೆಗೆದು, ಆಮ್ಲಜನಕ ನೂರಕ್ಕೆ ಒಂದರಷ್ಟಿರುವ ಪೆಟ್ಟಿಗೆಯಲ್ಲಿ ನಾಲ್ಕು ಗಂಟೆ ಇಡುವುದು. ತಟ್ಟೆಯಲ್ಲಿ ಸ್ಟ್ರೋಕ್ ಕೊಡುವುದು ಅಂತ ನಾವು ತಮಾಷೆಗೆ ಹೇಳುತ್ತೇವೆ. ಪೆಟ್ಟಿಗೆಯ ಬಾಗಿಲು ಹಾಕಿ ಟೈಮರ್ ಒತ್ತಬೇಕು, ಕೈ ಹೋಗಲಿಲ್ಲ. ಕೋಶಗಳ ಮೇಲಿನ ಕನಿಕರ ಅದಲ್ಲ. ಆ ನಾಲ್ಕು ಗಂಟೆಗಳು ಅಂದರೆ ಏನು ಅಂತ ಆವರೆಗೆ ನನಗೆ ಗೊತ್ತೇ ಇರಲಿಲ್ಲ ಅನ್ನುವ ನಾಚಿಕೆ. ಪೆಟ್ಟಿಗೆ ಒಳಗೆ ಹೋದರೆ ನಾನು ಕ್ಯಾಂಟೀನಿಗೆ ಹೋಗಿ ಊಟ ಮಾಡಿ ಬರುತ್ತಿದ್ದೆ. ಅವತ್ತು ಜೂನಿಯರ್ ಹುಡುಗ ಬಟನ್ ಒತ್ತಿದ. ಮುಂದಿನ ವಾರದಿಂದ ನಾನೇ ಒತ್ತಿದೆ. ಥೀಸಿಸ್ ಮುಗಿಯಬೇಕಲ್ಲ. ಮೊದಲ ಸ್ಲೈಡಿನ 19 ಲಕ್ಷವನ್ನು ಮಾತ್ರ ತೆಗೆದುಹಾಕಿದ್ದೇನೆ.

ಅಪ್ಪನ ಚೇತರಿಕೆಯನ್ನು ನಾನು ಕಂತುಗಳಲ್ಲಿ ನೋಡಿದೆ, ಎರಡು ತಿಂಗಳಿಗೊಮ್ಮೆ ಊರಿಗೆ ಹೋದಾಗ. ದಸರಾಕ್ಕೆ ಗೋಡೆ ಹಿಡಿದು ನಡೆಯುತ್ತಿದ್ದರು. ಕ್ರಿಸ್‌ಮಸ್ ಹೊತ್ತಿಗೆ ದೊಣ್ಣೆ ಹಿಡಿದು ಕಣದವರೆಗೆ. ಕಾಫಿ ಬೇಕೆಂಬುದನ್ನು ಬಾಯಲ್ಲಿ ಹೇಳಲಾಗದೆ ಲೋಟ ಬಡಿಯುತ್ತಿದ್ದರು. ಬೆಳಗಿನ ಬೆಲ್ಲದ ಕಾಫಿ ತಡವಾದರೆ ಮೊದಲಿನಂತೆಯೇ ತಲೆನೋವು. ಅದಕ್ಕೂ ಮಿದುಳಿನ ನಾಳಗಳೇ ಕಾರಣ: ನಾಳಗಳನ್ನು ಹಿಗ್ಗಿಸುವ ಅಡೆನೊಸಿನ್ ಎಂಬ ವಸ್ತುವಿನ ಕೆಲಸಕ್ಕೆ ಕೆಫೀನ್ ಅಡ್ಡ ನಿಲ್ಲುತ್ತದೆ. ದಿನಾ ಕುಡಿಯುವವರಿಗೆ ಅದು ತಪ್ಪಿದ ದಿನ ನಾಳಗಳು ಹಿಗ್ಗಿ ತಲೆ ಸಿಡಿಯುತ್ತದೆ. ನಾನಿದನ್ನು ವಿವರಿಸಿದರೆ ಅಪ್ಪ ಲೋಟವನ್ನು ಇನ್ನೂ ಜೋರಾಗಿ ಬಡಿದರು. ಫಿಸಿಯೋಥೆರಪಿಯವರು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ಅಮ್ಮನದೇ. ಹುರುಳಿಕಾಳು ಚೆಲ್ಲಿ ಬಲಗೈಯಲ್ಲಿ ಹೆಕ್ಕಿಸುವುದು. ನಮ್ಮ ತಟ್ಟೆಗಳಲ್ಲಿ ಪಂಪು ಮಾಡುವ ಕೆಲಸ ಅದು ಅಂತ ನನಗೆ ಅನ್ನಿಸುತ್ತಿತ್ತು. ಮಿದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹೋಗುತ್ತದೆ, ಅಷ್ಟು ಖಚಿತ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಅಪ್ಪನ ತಲೆಯೊಳಗೆ ಸೂಕ್ಷ್ಮದರ್ಶಕ ಇಡಬೇಕು. ಅವರು ಜೀಬ್ರಾ ಮೀನಲ್ಲ.

ಮಾರ್ಚ್ ಎರಡನೇ ವಾರ ನಾನು ಊರಲ್ಲಿದ್ದ ರಾತ್ರಿಯೇ ಮಳೆ ಬಂತು. ಗುಡುಗಿನ ಜೊತೆ ಒಂದೂವರೆ ಗಂಟೆ. ಬೆಳಿಗ್ಗೆ ಅಂಗಳದ ಡಬ್ಬದಿಂದ ನೀರನ್ನು ಅಳತೆಯ ಗಾಜಿಗೆ ಸುರಿದು, "ಒಂದು ಇಂಚು ಇಪ್ಪತ್ತು ಸೆಂಟ್ ಅಪ್ಪ" ಅಂದೆ. ಜಗಲಿಯಲ್ಲಿ ಕೂತಿದ್ದವರು ಎಡಗೈ ಚಾಚಿದರು. ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದರು. ಕೈ ನಡುಗುತ್ತಿತ್ತು, ನೀರು ನಿಲ್ಲುವವರೆಗೆ ಕಾದರು. ಆಮೇಲೆ ತಲೆ ಅಲ್ಲಾಡಿಸಿದರು. ನೀರಿನ ಅಂಚು ಗಾಜಿಗೆ ಏರಿ ನಿಲ್ಲುತ್ತದೆ, ಓದಬೇಕಾದದ್ದು ಬಾಗಿದ ತಳವನ್ನು. ಪಿಪೆಟ್ ಹಿಡಿದು ಐದು ವರ್ಷ ಕಳೆದವಳು ಅಂಚನ್ನು ಓದಿದ್ದೆ.

"ತಳ" ಅಂದರು ಅಪ್ಪ.

ಅಮ್ಮ ಒಳಗಿಂದ ಡೈರಿ ತಂದಳು. ಅಪ್ಪ ಎಡಗೈಯಲ್ಲಿ, ಎರಡು ಸಾಲಿನ ಜಾಗ ತೆಗೆದುಕೊಂಡು, 1.15 ಅಂತ ಬರೆದರು. ಪೆನ್ನು ನನ್ನ ಕೈಗೆ ಕೊಟ್ಟು ಆಕಾಶ ನೋಡುತ್ತಾ ಕೂತರು. ಇನ್ನೊಂದು ಮಳೆ ಬರಬೇಕಿತ್ತು.